ಬಾಂಬಿಗೆ ಕಿವಿಗೊಟ್ಟ ಗೌರಿಬಿದನೂರು

ಮಳೆಗಾಲದ ರಾತ್ರಿ ಗುಲ್ವಾಡಿಯ ನಮ್ಮನೆ ಚಾವಡಿಯಲ್ಲಿ ಮಲಗಿದರೆ ದೂರದ ಕಡಲ ಮೊರೆತ ಕೇಳುತ್ತಿತ್ತು. "ಕಡ್ಲ್ ಕೂಗ್ತಿತ್ ಕಾಣ್" ಅಂತಿದ್ರು ಅಜ್ಜಿ. ಆ ಅಲೆಗಳು ನೆಲವನ್ನೂ ಅಲುಗಿಸುತ್ತವೆ, ನೂರಾರು ಕಿ.ಮೀ. ಒಳನಾಡಿನವರೆಗೂ ಆ ನಡುಕ ಹೋಗುತ್ತದೆ ಅಂತ ನನಗೆ ಗೊತ್ತಾಗಿದ್ದು ಗೌರಿಬಿದನೂರಿನ ಬಗ್ಗೆ ಓದುವಾಗ.

ಬೆಂಗಳೂರಿನಿಂದ ಸುಮಾರು 80 ಕಿ.ಮೀ. ದೂರದ ಊರು. ವೀಕೆಂಡ್ ಬೈಕ್ ರೈಡಲ್ಲಿ ನೀವೂ ದಾಟಿರಬಹುದು. 1963ರ ಒಪ್ಪಂದ ಗಾಳಿ, ನೀರು, ಬಾಹ್ಯಾಕಾಶದಲ್ಲಿ ಅಣುಪರೀಕ್ಷೆ ನಿಷೇಧಿಸಿತು. ನೆಲದಡಿಯ ಪರೀಕ್ಷೆಯನ್ನು ಬಿಟ್ಟಿತು. ಅದು ಬಾಂಬೋ ಭೂಕಂಪವೋ ಅಂತ ದೂರದಿಂದ ಹೇಳೋದು ಕಷ್ಟ ಎನ್ನುವುದು ಒಂದು ದೊಡ್ಡ ಕಾರಣ. ಆ ಕಷ್ಟ ಬಿಡಿಸಲೆಂದೇ 1960ರ ದಶಕದ ನಡುವಿನಲ್ಲಿ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಜೊತೆ ಸೇರಿ ನಮ್ಮ ಅಣುಶಕ್ತಿ ಇಲಾಖೆ ಇಲ್ಲಿ ಕಂಪನಮಾಪಕಗಳನ್ನು ಹೂಳಿತು.

ಒಂದೊಂದು ಮಾಪಕವೂ ಸರಳ. ಪೆಟ್ಟಿಗೆಯೊಳಗೆ ಸ್ಪ್ರಿಂಗಿಗೆ ತೂಗುಬಿಟ್ಟ ಒಂದು ತೂಕ. ನೆಲ ಅಲುಗಿದರೆ ಪೆಟ್ಟಿಗೆಯೂ ಅಲುಗುತ್ತದೆ, ತೂಕ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಆ ವ್ಯತ್ಯಾಸವನ್ನು ಅಯಸ್ಕಾಂತ ಮತ್ತು ತಂತಿಸುರುಳಿ ವಿದ್ಯುತ್ತಾಗಿಸುತ್ತವೆ. ರಷ್ಯಾದ ಗಾಲಿಟ್ಸಿನ್ 1906ರಲ್ಲೇ ಮಾಡಿದ್ದ ಉಪಾಯ. ತೊಂದರೆ ಏನಪ್ಪಾ ಅಂದ್ರೆ ಲಾರಿ, ರೈಲು, ನಮ್ಮ ಕಡಲು ಎಲ್ಲವೂ ಅದರಲ್ಲಿ ದಾಖಲಾಗುತ್ತವೆ.

ನನಗೆ ಇಷ್ಟವಾದ ಭಾಗ ಮುಂದಿನದು. ಒಂದರ ಬದಲು 20 ಮಾಪಕಗಳು, ಇಂಗ್ಲಿಷಿನ 'ಎಲ್' ಆಕಾರದಲ್ಲಿ, ಒಂದೊಂದು ತೋಳೂ 20 ಕಿ.ಮೀ. ಮೀರಿ. ದೂರದ ಸ್ಫೋಟದ ಅಲೆ ಒಂದು ಮಾಪಕಕ್ಕೆ ಮೊದಲು, ಇನ್ನೊಂದಕ್ಕೆ ಸ್ವಲ್ಪ ತಡವಾಗಿ ತಲುಪುತ್ತದೆ. ಆ ತಡವನ್ನು ಸರಿಸಿ ಕೂಡಿಸಿದರೆ ಸಿಗ್ನಲ್ 20 ಪಟ್ಟು ಬೆಳೆಯುತ್ತದೆ. ಗದ್ದಲ ಎಲ್ಲ ಕಡೆ ಒಂದೇ ತರಹ ಇರಲ್ಲ, ಹಾಗಾಗಿ ಅದು ಬೆಳೆಯೋದು ಹೆಚ್ಚುಕಮ್ಮಿ ನಾಲ್ಕೂವರೆ ಪಟ್ಟು ಮಾತ್ರ. ಅಲೆ ಯಾವ ದಿಕ್ಕಿಂದ ಬಂತು ಅನ್ನೋದೂ ಆ ತಡದಲ್ಲೇ ಇದೆ. ನಿಮ್ಮನೆ ಸ್ಮಾರ್ಟ್ ಸ್ಪೀಕರಿನ ಮೈಕುಗಳು ಮಾಡುವುದೂ ಇದನ್ನೇ.

1998ರ ಮೇ 11ರ ಪೋಖ್ರಾನ್ ಕಂಪನ ಇಲ್ಲೂ ದಾಖಲಾಯಿತು. ನಮ್ಮ ವಿಜ್ಞಾನಿಗಳು ಒಟ್ಟು ಸುಮಾರು 60 ಕಿಲೋಟನ್ ಅಂದರು. ಹಲವು ವಿದೇಶಿ ಭೂಕಂಪತಜ್ಞರು ಅದರ ಅರ್ಧವೂ ಇಲ್ಲ ಅಂದರು. ತೀವ್ರತೆಯ ಅಂದಾಜಿನಲ್ಲಿ 0.3 ಹೆಚ್ಚುಕಮ್ಮಿಯಾದರೆ ಸಾಕು, ಕಿಲೋಟನ್ ಲೆಕ್ಕ ಎರಡು ಪಟ್ಟಿಗೂ ಮಿಕ್ಕಿ ಬದಲಾಗುತ್ತದೆ. ಸೂಜಿ ಸುಳ್ಳು ಹೇಳಿರಲಿಲ್ಲ, ಜಗಳ ಇದ್ದಿದ್ದು ಬಂಡೆಯ ಗುಣ, ಸೂತ್ರಗಳ ಬಗ್ಗೆ.

ಇದೇ ಮಾದರಿಯ ಸೋದರಿಯರು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾದಲ್ಲಿವೆ. ಮೂರೂ ಈಗ ಅಣುಪರೀಕ್ಷೆ ನಿಷೇಧದ ಜಾಗತಿಕ ಕಾವಲು ಜಾಲದಲ್ಲಿವೆ. 1996ರ ಆ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ, ಗೌರಿಬಿದನೂರು ಹೊರಗುಳಿಯಿತು. ರಾಜಕೀಯ ನನಗೆ ಅರ್ಥವಾಗುತ್ತದೆ, ಆದರೂ ಇಂಜಿನಿಯರಾಗಿ ಹೊಟ್ಟೆ ಉರಿಯುತ್ತದೆ ಮಾರ್ರೆ.