ನ್ಯಾಯ ಕೋರ್ಟಿನಲ್ಲೈತೆ

ಕೆಂಗೇರಿಯಿಂದ ವಿಜಯನಗರದ ಕಡೆಗೆ ಮೆಟ್ರೋ ರೈಲಿನಲ್ಲಿ ಬರುತ್ತಿದ್ದಾಗ, ಎದುರು ಸಾಲಿನಲ್ಲಿ ಕಾಗದಪತ್ರಗಳ ಬಟ್ಟೆಯ ಚೀಲವನ್ನು ತೊಡೆಯ ಮೇಲಿರಿಸಿಕೊಂಡು ಕುಳಿತಿದ್ದ ವೃದ್ಧರೊಬ್ಬರು, ಎಲ್ಲಿಗೆ ಪಯಣವೆಂಬ ನನ್ನ ಪ್ರಶ್ನೆಗೆ, "ನಮ್ಮದೊಂದು ನ್ಯಾಯ ಕೋರ್ಟಿನಲ್ಲೈತೆ ಸ್ವಾಮಿ, ಸೈಟಿಂದು" ಎಂದು ಉತ್ತರವಿತ್ತರು. ವ್ಯಾಜ್ಯವೊಂದು ನಡೆದಿದೆಯೆಂಬುದಷ್ಟೇ ಅವರ ಅಭಿಪ್ರಾಯ. ಆದರೆ ಪುಸ್ತಕದ ಕನ್ನಡಕ್ಕೆ ಪಳಗಿದ ನನ್ನ ಕಿವಿಗೆ, ಅವರಿಗೆ ಸಲ್ಲತಕ್ಕ ನ್ಯಾಯವನ್ನು ಯಾರೋ ಕೋರ್ಟಿನ ಬೀರುವಿನಲ್ಲಿಟ್ಟು ಬೀಗ ಜಡಿದಿರುವರೆಂಬಂತೆ ಅದು ಕೇಳಿಸಿತು.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಜಗಳವೂ ನ್ಯಾಯವೇ, ಜಗಳದ ತೀರ್ಮಾನವೂ ನ್ಯಾಯವೇ. ಅಣ್ಣತಮ್ಮಂದಿರು ನ್ಯಾಯ ಆಡುತ್ತಾರೆ, ಊರ ಹಿರಿಯರು ನ್ಯಾಯ ಸೇರಿಸುತ್ತಾರೆ, ಕಡೆಗೆ ಒಬ್ಬರು ನ್ಯಾಯ ಹೇಳುತ್ತಾರೆ. ಪಡಿತರದ ಸಾಲಿನಲ್ಲಿ ನಿಂತವರಿಗೆ ಅದು ಅಂಗಡಿಯ ಫಲಕದ ಮೇಲಿನ ನ್ಯಾಯಬೆಲೆ. ತರ್ಕಿಗಳಿಗೆ ಗೌತಮನ ದರ್ಶನ. ಒಂದಗುಳನ್ನು ಹಿಸುಕಿ ಅನ್ನವೆಲ್ಲ ಬೆಂದಿತೆನ್ನುವ ಪಂಡಿತರಿಗೆ ಸ್ಥಾಲೀಪುಲಾಕ. ಆದಾಗ್ಯೂ ಮನೆಮಾತಿನಲ್ಲಿ ಹೆಚ್ಚು ಓಡಾಡುವುದು ಅನ್ಯಾಯವೇ: ಉಕ್ಕಿ ಒಲೆಯ ಪಾಲಾದ ಹಾಲೂ ನಮ್ಮ ಅಡುಗೆಮನೆಗಳಲ್ಲಿ ಅನ್ಯಾಯವಾಗಿಯೇ ಹೋಗುತ್ತದೆ, ಅದರ ಮೇಲೆ ಯಾರೂ ದಾವೆ ಹೂಡದಿದ್ದರೂ.

ಶಬ್ದದ ಮೂಲವನ್ನರಸಿ ಹೋದರೆ ಪಾಣಿನಿಯ ಮೂರನೆಯ ಅಧ್ಯಾಯದಲ್ಲಿ ಸೂತ್ರವೊಂದು ಸಿಕ್ಕುತ್ತದೆ. ‘ನಿ’ ಎಂಬ ಉಪಸರ್ಗದೊಡನೆ ಗತ್ಯರ್ಥದ ಧಾತು ಸೇರಿ, ಜಾರದಿರುವಿಕೆ, ಉಚಿತವಾದ ದಾರಿಯಿಂದ ಕದಲದಿರುವಿಕೆ ಎಂಬರ್ಥದಲ್ಲಿ ‘ನ್ಯಾಯ’ ಸಿದ್ಧಿಸುವುದೆಂದು ಹೇಳುವ ಆ ಸೂತ್ರವೇ, ಅದೇ ಉಸಿರಿನಲ್ಲಿ, ಪಗಡೆಯ ಕಾಯಿಗಳನ್ನು ನಡೆಸುವ ಜೂಜಿನ ಪದವೊಂದನ್ನೂ ಸಾಧಿಸುತ್ತದೆ. ವೈಯಾಕರಣನು ಮಾತ್ರಾಲಾಘವಕ್ಕಾಗಿ ಒಟ್ಟಿಗೆ ಕೂರಿಸಿದ ಈ ಜೋಡಿಯನ್ನು ಕಕ್ಷಿದಾರರು ಕಂಡಿದ್ದರೆ ನಕ್ಕಾರು. ನಮ್ಮಲ್ಲಿ ಬಂದು ನೆಲಸಿದ ‘ಕಾನೂನು’ ಅರಬ್ಬಿಯದು. ಅದರ ಹಿಂದೆ ಗ್ರೀಕರ ಅಳತೆಗೋಲಿದೆ. ಒಂದು ನಡಿಗೆಯ ಮಾತು, ಇನ್ನೊಂದು ಕೋಲಿನ ಮಾತು.

ಕೋಲು ಹಿಡಿದವರು ನಡಿಗೆಯನ್ನೂ ನೋಡಬೇಕೆ ಎಂಬ ಪ್ರಶ್ನೆಗೆ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಮನೆಮನೆಯಲ್ಲೂ ಉದಾಹರಣೆಯುಂಟು. ಕೆಂಗೇರಿ ಪುರಸಭೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಗುವ ಮುನ್ನವೂ ತರುವಾಯವೂ, ಭೂಪರಿವರ್ತನೆಯಾಗದ ಹೊಲಗಳಲ್ಲಿ ಕಲ್ಲು ನೆಟ್ಟು ಮಾರಿದ ‘ರೆವಿನ್ಯೂ ಸೈಟು’ಗಳನ್ನು, ಜೀವಮಾನದ ಉಳಿತಾಯವನ್ನು ಸುರಿದು ಕೊಂಡವರು ಅನೇಕರು, ಅಂಥವರಿಂದ ತೆರಿಗೆಯೆತ್ತಲು ಪಾಲಿಕೆ ಬೇರೊಂದು ವಹಿಯನ್ನು ತೆರೆಯಿತು. ಜನ ಅದನ್ನು ಬಿ ಖಾತೆ ಎಂದರು. ತೆರಿಗೆ ಕಟ್ಟಲು ಅರ್ಹ, ನಕ್ಷೆಗೆ ಮಂಜೂರಾತಿ ಕೇಳಲು ಅನರ್ಹ! ಬಳಿಕ ಬಂದ ಅಕ್ರಮ-ಸಕ್ರಮ ಯೋಜನೆಯು ವಾಸದ ಕಟ್ಟಡಗಳಲ್ಲಿ ಶೇಕಡ 50ರವರೆಗಿನ, ವಾಣಿಜ್ಯ ಕಟ್ಟಡಗಳಲ್ಲಿ ಶೇಕಡ 25ರವರೆಗಿನ ಉಲ್ಲಂಘನೆಯನ್ನು ದಂಡ ಪಡೆದು ಮನ್ನಿಸಹೊರಟಿತು. ಅದನ್ನು 2016ರ ಡಿಸೆಂಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು, ಮರುತಿಂಗಳೇ ಸರ್ವೋಚ್ಚ ನ್ಯಾಯಾಲಯ ತಡೆಹಿಡಿಯಿತು.

ನಾನು ಬಹುಕಾಲ ಮನ್ನಿಸುವವರ ಪಕ್ಷದಲ್ಲಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಸುತ್ತಲೂ ಬಿಡಬೇಕಾದ ಜಾಗವನ್ನು ಬಿಟ್ಟು ಕಟ್ಟಿದವನ ಕಿಟಕಿಗೆ, ಬಿಡದೆ ಕಟ್ಟಿದ ನೆರೆಯವನ ಗೋಡೆ ಬಂದು ಮೂಗು ತಾಗಿಸಿರುವಾಗ, ಕರುಣೆ ಯಾರ ಬೆಳಕನ್ನು ಕಸಿಯುತ್ತಿದೆಯೆಂದು ಕೇಳಬೇಕಾಗುತ್ತದೆ. ಆದರೆ ಹಣ ಕೊಟ್ಟು ಮೋಸಹೋದವನನ್ನೂ, ಬಲ್ಲವನಾಗಿಯೇ ಎರಡು ಅಂತಸ್ತು ಏರಿಸಿದವನನ್ನೂ ಒಂದೇ ಕೋಲಿನಿಂದ ಅಳೆದು ಕೈತೊಳೆದುಕೊಳ್ಳುವುದು ನ್ಯಾಯಾಲಯವೆಂಬ ಹೆಸರಿಗೆ ಸಲ್ಲದು. ಸಂವಿಧಾನದ 142ನೆಯ ಅನುಚ್ಛೇದವು ಸರ್ವೋಚ್ಚ ನ್ಯಾಯಾಲಯಕ್ಕೆ ‘ಸಂಪೂರ್ಣ ನ್ಯಾಯ’ ನೀಡುವ ಅಧಿಕಾರವಿತ್ತಿದೆ. ಬರಿಯ ನ್ಯಾಯ ಅಪೂರ್ಣವಾಗಿರಬಹುದೆಂಬ ಶಂಕೆ ಆ ವಿಶೇಷಣದಲ್ಲೇ ಅಡಗಿರುವಂತಿದೆ. ಆ ಅಧಿಕಾರದಿಂದ ಶಾಸನವನ್ನೇ ಬದಿಗೆ ಸರಿಸಲಾಗದೆಂದು 1998ರಲ್ಲಿ ಅದೇ ನ್ಯಾಯಾಲಯ ಹೇಳಿತು.

ನನಗೆ ಮೆಚ್ಚಾದುದು ಅದೇ ನ್ಯಾಯಾಲಯದ 1991ರ ತೀರ್ಪು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಆಸ್ಪತ್ರೆಗೆಂದು ಖಾಸಗಿ ಟ್ರಸ್ಟೊಂದಕ್ಕೆ ಕೊಟ್ಟಾಗ, ಆಸ್ಪತ್ರೆಯೂ ಲೋಕೋಪಕಾರವೇ ತಾನೆ ಎಂಬ ವಾದವನ್ನು ಒಪ್ಪದೆ, ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗೂ ಉಂಟೆಂದು ಬಾಗಿಲು ತೆರೆದು, ಉದ್ಯಾನದ ಜಾಗವನ್ನು ಉದ್ಯಾನಕ್ಕೇ ಉಳಿಸಿದ ಆ ತೀರ್ಪಿನಲ್ಲಿ, ಕೋಲನ್ನು ಕಡಿದದ್ದು ಯಾರಿಗಾಗಿ ಎಂಬ ವಿಚಾರಣೆಯಿದೆ. ಕಾನೂನನ್ನು ಅಕ್ಷರಶಃ ಓದುವುದು ಆ ವಿಚಾರಣೆಯ ಆರಂಭ ಮಾತ್ರ.

ಇಷ್ಟನ್ನೆಲ್ಲ ನಾನು ಮನಸ್ಸಿನಲ್ಲಿ ಮಥಿಸುತ್ತಿರಲು ವಿಜಯನಗರ ಬಂದಿತು. ಎಷ್ಟು ವರ್ಷವಾಯಿತು ಎಂದು ವೃದ್ಧರನ್ನು ಕೇಳಿದೆ. "ನ್ಯಾಯಕ್ಕಾ? ಹದಿನಾಲ್ಕಾಯ್ತು. ಇವತ್ತು ವಾಯಿದೆ ಬೀಳದಿದ್ರೆ ಸಾಕು" ಎಂದು ಅವರು ಚೀಲದ ಬಾಯಿಯ ದಾರವನ್ನು ಇನ್ನೊಂದು ಸುತ್ತು ಬಿಗಿದರು.