ಲ್ಯಾಪ್‌ಟಾಪ್ ಕಾವಿನ ಚರಿತ್ರ: ಕೂಲಿಂಗ್ ಪ್ಯಾಡ್ ಬೇಕಾ, ಬ್ಯಾಡ್ವಾ?

ಬೇಸಿಗ ಬಂತು ಅಂದ್ರ ನಮ್ಮ ಯಳಂದೂರು ಕಡ ಮನಮನಲೂ ಒಂದೇ ರಾಗ ಕನ್ರವ್ವ. "ಲ್ಯಾಪ್‌ಟಾಪ್ ಕಾದು ಕೆಂಡ ಆಯ್ತದ, ಅಡಿಗ ಇಡೋ ಫ್ಯಾನ್ ಪ್ಯಾಡ್ ಕೊಡ್ಸಿ" ಅಂತ ಮಕ್ಕಳು ಕೇಳ್ತರ. 2020ರ ಲಾಕ್‌ಡೌನಲ್ಲಿ ಪಾಠ, ಆಫೀಸು ಎಲ್ಲ ಮನಗೇ ಬಂದ ಮೇಲ ಈ ಬೇಡಿಕೆ ಇನ್ನೂ ಜಾಸ್ತಿ ಆಯ್ತು. ಐನೂರು ಆರ್ನೂರಿಂದ ಹಿಡಿದು ಎರಡು ಮೂರು ಸಾವಿರದ ತನಕ ಪ್ಯಾಡುಗಳು ಅವ. ಕೊಡ್ಸಬೇಕಾ, ಸುಮ್ನಿರಬೇಕಾ? ಇದಕ್ಕ ಉತ್ತರ ಅಂಗಡಿಯವರ ಮಾತಲ್ಲಿ ಸಿಕ್ಕಲ್ಲ. ಕಂಪ್ಯೂಟರ್ ಹುಟ್ಟಿದ ದಿನದಿಂದಲೂ ಕಾವು ಅದರ ಜೊತೇಲೇ ಬಂದದ. ಆ ಕಾವನ್ನ ಹಿಂದಿನವರು ಹೆಂಗ ಹೊರಗ ಹಾಕುದ್ರು ಅನ್ನದು ತಿಳ್ಕಂಡ್ರ, ನಮ್ಮ ದುಡ್ಡನ್ನ ಎಲ್ಲಿ ಹಾಕಬೇಕು ಅನ್ನದು ತಾನಾಗೇ ಗೊತ್ತಾಯ್ತದ.

ಮೊದಲು ನಮ್ಮೂರ ಹುಳು ಮನೆಯಿಂದಲೇ ಶುರು ಮಾಡ್ತೀನಿ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆ, ಮೈಸೂರಿಗೆ ಸೇರಿದ್ದು. ಮಗ್ಗುಲ ಕೊಳ್ಳೇಗಾಲ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಳೋರು ಬ್ಯಾರೆ ಆದ್ರೂ ಎರಡು ಕಡೇಲೂ ಹಿಪ್ಪುನೇರಳೆ, ರೇಷ್ಮೆ ಹುಳು ಒಂದೇ. ಈ ಹುಳಕ್ಕ ಕಾವು ಹೆಚ್ಚಾದ್ರ ಆಗದಿಲ್ಲ. ಚಾಕಿ ಹುಳಕ್ಕ 26ರಿಂದ 28 ಡಿಗ್ರಿ, ಬೆಳೆದ ಹುಳಕ್ಕ 24, 25 ಡಿಗ್ರಿ ಇದ್ರ ಚೆಂದ. ಕರೆಂಟು, ಏಸಿ ಇಲ್ಲದ ಕಾಲದಲ್ಲಿ ಹೆಂಗಸರು ಅದನ್ನ ಹೆಂಗ ಕಾಪಾಡುದ್ರು? ಬಿದಿರ ತಟ್ಟೆಗಳನ್ನ ನೆಲದ ಮೇಲ ಇಡ್ತಿರಲಿಲ್ಲ, ಎತ್ತರಿಸಿ ಸಾಲಾಗಿ ಜೋಡಿಸೋರು. ತಟ್ಟೆ ತಟ್ಟೆಗೂ ನಡುವ ಗಾಳಿ ಆಡೋ ಅಷ್ಟು ಸಂದು ಬುಡೋರು. ಎದುರುಬದುರು ಕಿಟಕಿ ತೆಗೆಯೋರು. ಇಷ್ಟಾದ ಮೇಲೂ ಸೆಕೆ ಅಂದ್ರ ಮಾತ್ರ ಕಿಟಕಿಗ ಒದ್ದೆ ಗೋಣಿ ತಾಟು ಕಟ್ಟೋರು. ಈ ಸಾಲನ್ನ ಮನಸಲ್ಲಿ ಇಟ್ಕಳಿ: ಮೊದಲು ಎತ್ತರ, ಆಮೇಲ ಗಾಳಿ ದಾರಿ, ಕೊನೇಲಿ ತಣ್ಣಗ ಮಾಡೋ ಸಾಧನ. ಕಂಪ್ಯೂಟರ್ ಚರಿತ್ರೇಲೂ ಇದೇ ಸಾಲು ಬತ್ತದ.

1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಅನ್ನೋ ಯಂತ್ರವನ್ನ ಜನಕ್ಕ ತೋರ್ಸುದ್ರು. ಅದರೊಳಗ ಸುಮಾರು 18,000 ವಾಲ್ವುಗಳು. ಹಳೇ ರೇಡಿಯೋ ಹಿಂದುಗಡೆ ಕೆಂಪಗ ಉರೀತಿತ್ತಲ್ಲ, ಅಂಥವು. 30 ಟನ್ ತೂಕ, ಒಂದು ದೊಡ್ಡ ಕೋಣೆ ತುಂಬ ಅದೇ. ಅದಕ್ಕ ಲೆಕ್ಕ ಹೇಳಿಕೊಟ್ಟು ನಡೆಸಿದ ಮೊದಲಿಗರು ಆರು ಜನ ಹೆಣ್ಣುಮಕ್ಕಳು ಅನ್ನದು ನಾವು ಹೆಮ್ಮೆ ಪಡೋ ಸಂಗತಿ. ಅದು ಉಣ್ಣತಿದ್ದ ಕರೆಂಟು ಸುಮಾರು 150 ಕಿಲೋವ್ಯಾಟ್. ಒಂದು ಕಿಲೋವ್ಯಾಟಿನ ಇಸ್ತ್ರಿಪೆಟ್ಟಿಗೆ 150 ಒಟ್ಟಿಗ ಹಚ್ಚಿಟ್ರ ಎಷ್ಟು ಕಾವೋ ಅಷ್ಟು. ಯಾಕಂದ್ರ ಕಂಪ್ಯೂಟರಿಗ ಹೋದ ಕರೆಂಟೆಲ್ಲ ಕೊನೆಗ ಕಾವಾಗೇ ಹೊರಗ ಬರಬೇಕು, ಬ್ಯಾರೆ ದಾರಿ ಇಲ್ಲ. ಅದಕ್ಕೇ ಗಾಳಿ ಊದೋ ದೊಡ್ಡ ಯಂತ್ರಗಳನ್ನ ಅದರ ಜೊತೇಲೇ ಕೂರಿಸಿದ್ರು.

ನಮ್ಮ ದೇಶಕ್ಕ ಮೊದಲ ಕಂಪ್ಯೂಟರ್ ಬಂದದ್ದು 1955ರಲ್ಲಿ, ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗ. ಆಮೇಲ ಬೊಂಬಾಯಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಒಂದನ್ನ ಕಟ್ಟಿ 1960ರಲ್ಲಿ ಓಡಿಸಿದ್ರು. ಟಿಫ್ರಾಕ್ ಅಂತ ಅದರ ಹೆಸರು, 2,700ರಷ್ಟು ವಾಲ್ವು ಅದರಲ್ಲಿ. ಕಂಪ್ಯೂಟರ್ ಕೋಣೆ ಅಂದ್ರ ಏಸಿ, ಚಪ್ಪಲಿ ಹೊರಗ ಬುಡಬೇಕು ಅನ್ನೋ ಕಟ್ಟುನಿಟ್ಟು ಎಷ್ಟೋ ವರ್ಷ ನಡೀತು. ಕಾವು, ದೂಳು ಎರಡೂ ಯಂತ್ರಕ್ಕ ಆಗದ ಜೋಡಿ ಅನ್ನದು ಅವರಿಗ ಗೊತ್ತಿತ್ತು.

1947ರಲ್ಲಿ ಟ್ರಾನ್ಸಿಸ್ಟರ್ ಬಂತು, 1971ರಲ್ಲಿ ಮಿದುಳೆಲ್ಲ ಒಂದೇ ಚಿಪ್ಪಿನಲ್ಲಿ ಇರೋ ಮೈಕ್ರೊಪ್ರೊಸೆಸರ್ ಮಾರಾಟಕ್ಕ ಬಂತು. ಯಂತ್ರ ಚಿಕ್ಕದಾಯ್ತು, ಕಾವೂ ಇಳೀತು. ಇನ್ನು ಫ್ಯಾನೇ ಬ್ಯಾಡ ಅನ್ನೋ ಧೈರ್ಯ ಬಂತು. 1980ರಲ್ಲಿ ಆಪಲ್ ಕಂಪನಿ ಸದ್ದು ಇರಬಾರದು ಅಂತ ಫ್ಯಾನೇ ಇಲ್ಲದ ಆಪಲ್ 3 ಅನ್ನೋ ಕಂಪ್ಯೂಟರ್ ಬುಟ್ತು. ಅದು ಪದೇಪದೇ ಕೆಡೋಕ ಶುರುವಾಗಿ, ಮೊದಮೊದಲು ಮಾರಿದವನ್ನ ಕಂಪನಿ ವಾಪಸ್ ಈಸ್ಕಂಡು ಬದಲಾಯಿಸಿ ಕೊಡಬೇಕಾಯ್ತು. ಕೆಡೋಕ ಕಾವೂ ಒಂದು ಕಾರಣ ಅಂತ ಹೇಳ್ತರ.

1985ರಲ್ಲಿ ತೋಶಿಬಾದವರ ಟಿ1100 ಬಂದಾಗ ತೊಡೆ ಮೇಲ ಇಟ್ಕಳೋ ಕಂಪ್ಯೂಟರ್ ಮಾತು ನಿಜ ಆಯ್ತು. ಆಗಿನ ಚಿಪ್ಪು ನಿಧಾನದ್ದು, ಕಾವು ಕಮ್ಮಿ. 1993ರ ಪೆಂಟಿಯಂ ಕಾಲಕ್ಕ ವೇಗ ಏರ್ತು, ಚಿಪ್ಪಿನ ನೆತ್ತಿ ಮೇಲ ಲೋಹದ ಗರಿ, ಫ್ಯಾನು ಕೂತ್ಕಂಡವು. ವೇಗ ಏರಿಸ್ತಾ ಏರಿಸ್ತಾ 2004ಕ್ಕ ಇಂಟೆಲ್ ಕಂಪನಿಯೇ ಒಂದು ಗೋಡೆಗ ಬಡೀತು. ಕರೆಂಟೂ ಕಾವೂ ತಡೆಯೋಕಾಗದೆ, ನಾಲ್ಕು ಗಿಗಾಹರ್ಟ್ಸ್ ಪೆಂಟಿಯಂ 4 ತರ್ತೀವಿ ಅಂದಿದ್ದನ್ನ ಕೈಬುಟ್ರು. ಒಂದೇ ಎತ್ತಿಗ ಇನ್ನೂ ಚಾಟಿ ಬೀಸದು ಬುಟ್ಟು ಎರಡು ಎತ್ತು ಕಟ್ಟೋಣ ಅಂತ ಡ್ಯುಯಲ್ ಕೋರ್ ದಾರಿ ಹಿಡುದ್ರು. ನಮ್ಮ ಲ್ಯಾಪ್‌ಟಾಪ್ ಮೇಲ ಇರೋ ಕೋರ್ ಲೆಕ್ಕದ ಹಿಂದ ಈ ಕಾವಿನ ಕತೆ ಅದ.

ಈಗ ಲ್ಯಾಪ್‌ಟಾಪ್ ಒಳಗ ಏನದ ನೋಡಣ. ಇಡ್ಲಿ ಪಾತ್ರೇಲಿ ತಳದ ನೀರು ಹಬೆಯಾಗಿ ಮೇಲಕ್ಕ ಹೋಗಿ, ಮುಚ್ಚಳಕ್ಕ ತಾಗಿ, ಹನಿಯಾಗಿ ಇಳೀತದಲ್ಲ, ಅದೇ ಕೆಲಸವನ್ನ ಒಂದು ತೆಳು ತಾಮ್ರದ ಕೊಳವೆ ಮಾಡ್ತದ. ಚಿಪ್ಪಿನ ಕಡ ತುದೀಲಿ ಚೂರು ನೀರು ಹಬೆ ಆಯ್ತದ, ಇನ್ನೊಂದು ತುದೀಲಿ ತಣ್ಣಗಾಗಿ ವಾಪಸ್ ಬತ್ತದ. ಇದಕ್ಕ ಹೀಟ್ ಪೈಪ್ ಅಂತರ. 1963ರಲ್ಲಿ ಅಮೆರಿಕದ ಲಾಸ್ ಅಲಮಾಸ್‌ನಲ್ಲಿ ಜಾರ್ಜ್ ಗ್ರೋವರ್ ಅನ್ನೋರು ಇದನ್ನ ಮಾಡಿ ತೋರ್ಸುದ್ರು, ಬಾಹ್ಯಾಕಾಶದ ಯಂತ್ರಗಳಿಗ ಅಂತ. ಆ ತಣ್ಣನೆ ತುದೀಲಿ ಲೋಹದ ಗರಿ ಇರ್ತವ. ಸಣ್ಣ ಫ್ಯಾನು ಅಡಿಯಿಂದ ಗಾಳಿ ಎಳ್ಕಂಡು ಗರಿ ಮೂಲಕ ಪಕ್ಕಕ್ಕೋ ಹಿಂದಕ್ಕೋ ದಬ್ತದ. ಅಡಿಯಿಂದ ಅಂದೆ ನೋಡಿ, ಅದೇ ಮುಖ್ಯ. ಹೆಚ್ಚಿನ ಲ್ಯಾಪ್‌ಟಾಪ್ ಉಸಿರು ಎಳ್ಕಳದು ಹೊಟ್ಟೆ ಕಡಯಿಂದ. ಅಡಿಗಿರೋ ರಬ್ಬರ್ ಕಾಲುಗಳು ಬುಡೋ ಸಂದು ಕೆಲವೇ ಮಿಲಿಮೀಟರ್. ಹಾಸಿಗೆ, ಕೌದಿ, ದಿಂಬಿನ ಮೇಲ ಇಟ್ರ ಆ ಸಂದೂ ಮುಚ್ಕತದ. ತೊಡೆ ಮೇಲ ದಿನಗಟ್ಲೆ ಇಟ್ಕಂಡೋರ ಚರ್ಮದ ಮೇಲ ಬಲೆಯಂಗ ಕಂದು ಗುರುತು ಬೀಳದನ್ನ ವೈದ್ಯರು ಬರೆದವ್ರೆ. ಕಾಶ್ಮೀರದೋರಿಗ ಕೆಂಡದ ಕಾಂಗ್ರಿ ಮೈಗಿಟ್ಕಂಡು ಆಗೋದೂ ಅದೇ ಗುರುತು.

ಫ್ಯಾನ್ ಇಲ್ಲದ ಲ್ಯಾಪ್‌ಟಾಪೂ ಉಂಟು. 2020ರ ನವೆಂಬರಲ್ಲಿ ಬಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಅಂಥದು. ಅಡಿಗ ತೂತೇ ಇಲ್ಲದ ಅಂಥವಕ್ಕ ಪ್ಯಾಡಿನ ಗಾಳಿ ಒಳಗ ಹೋಗೋದಿಲ್ಲ, ಹೊರಮೈಗ ಬೀಸ್ತದ ಅಷ್ಟೇ.

ಹಂಗಾದ್ರ ನಿಮ್ಮ ಮನೇದಕ್ಕ ಬೇಕಾ? ಹುಳು ಮನೆ ಸಾಲಲ್ಲೇ ಹೋಗಿ. ಮೊದಲು ಗಟ್ಟಿ ಮೇಜಿನ ಮೇಲ ಇಟ್ಟು, ಹಿಂಭಾಗಕ್ಕ ಒಂದಂಗುಲ ಎತ್ತರ ಬರಂಗ ಎರಡು ಮರದ ತುಂಡು ಕೊಡಿ. ತುಂಡು ತೂತಿಗ ಅಡ್ಡ ಆಗಬಾರದು. ಮೂರು ವರ್ಷ ದಾಟಿದ್ರ ರಿಪೇರಿಯೋರ ಹತ್ರ ಬಿಚ್ಚಿಸಿ, ಗರಿಯೊಳಗಿನ ದೂಳು ತೆಗೆಸಿ, ಚಿಪ್ಪಿನ ಮೇಲಿನ ಒಣಗಿದ ಪೇಸ್ಟ್ ಬದಲಾಯ್ಸಿ. ಒಂದು ವಾರ ನೋಡಿ. ಫ್ಯಾನ್ ಸದ್ದು ಇಳೀತು, ಕೆಲಸ ತೊಡಕಿಲ್ಲದೆ ನಡೀತು ಅಂದ್ರ ಪ್ಯಾಡ್ ಬ್ಯಾಡ. ಆಗ್ಲೂ ಭಾರಿ ಕೆಲಸದ ಹೊತ್ತಲ್ಲಿ ನಿಧಾನ ಆಯ್ತದ, ತಾನಾಗೇ ಆಫ್ ಆಯ್ತದ ಅಂದ್ರ ಕೊಳ್ಳಬೌದು. ಚಿಪ್ಪು ಸುಮಾರು 95, 100 ಡಿಗ್ರಿ ಹತ್ರ ಹೋದಾಗ ತನ್ನ ಜೀವ ಉಳಿಸ್ಕಳಕ ತಾನೇ ವೇಗ ಇಳಿಸ್ಕತದ, ಆ ನಿಧಾನಕ್ಕ ಕಾರಣ ಅದು. ಆದ್ರ ಅಡಿ ಉಬ್ಬಿಕಂಡು ಮೇಜಿನ ಮೇಲ ಅಲ್ಲಾಡ್ತಿದ್ರ ಅದು ಬ್ಯಾಟರಿ ಊದಿರೋದು. ಅದಕ್ಕ ಪ್ಯಾಡ್ ಔಷಧಿ ಅಲ್ಲ, ಆಫ್ ಮಾಡಿ, ಚಾರ್ಜಿಗ ಹಾಕದೆ, ಅವತ್ತೇ ಬದಲಾಯ್ಸಿ.

ಕೊಳ್ಳೋದಾದ್ರ ಲ್ಯಾಪ್‌ಟಾಪ್ ಮಗುಚಿ ತೂತು ಎಲ್ಲವ ನೋಡ್ಕಂಡು ಹೋಗಿ. ಪ್ಯಾಡಿನ ಫ್ಯಾನು ಆ ತೂತಿನ ನೇರಕ್ಕೇ ಬರಬೇಕು, ಗಾಳಿ ಮೇಲಕ್ಕ ಊದಬೇಕು. ಸಣ್ಣ ಐದಾರು ಫ್ಯಾನು ಗುಯ್ಯ್ ಅನ್ನದಕ್ಕಿಂತ ದೊಡ್ಡದು ಒಂದೆರಡು ನಿಧಾನಕ್ಕ ತಿರುಗದು ಮೇಲು. ಮೇಲ್ಗಡೆ ಲೋಹದ ಜಾಲರಿ ಇರಲಿ, ಬಟ್ಟೆ ಬ್ಯಾಡ. 15.6 ಇಂಚಿನದಕ್ಕ 14 ಇಂಚಿನ ಪ್ಯಾಡ್ ತರಬ್ಯಾಡಿ. ಮುಂದ ಜಾರದಂಗ ತಡೆ ಇರಲಿ. ಯುಎಸ್‌ಬಿ ತೂತು ಒಂದು ಇದಕ್ಕೇ ಹೋಯ್ತದ, ಹಂಗಾಗಿ ಪ್ಯಾಡಲ್ಲೇ ಇನ್ನೊಂದು ತೂತು ಇದ್ರ ಒಳ್ಳೇದು. ಬಣ್ಣದ ಲೈಟಿಗ ದುಡ್ಡು ಕೊಡಬ್ಯಾಡಿ. ಇನ್ನೊಂದು ಮಾತು: ಪ್ಯಾಡು ಊದದು ಕೋಣೆ ಗಾಳಿಯನ್ನೇ. ಕೋಣೆ 37 ಡಿಗ್ರಿ ಇದ್ರ ಅದಕ್ಕಿಂತ ತಣ್ಣಗ ಮಾಡಕ ಅದರಿಂದ ಆಗಲ್ಲ, ಕೆಲವು ಡಿಗ್ರಿ ಇಳಿದ್ರೇ ಲಾಭ. ಹಂಗಂತ ಒದ್ದೆ ಬಟ್ಟೆ, ಐಸ್ ಇಡಕ ಹೋಗಬ್ಯಾಡಿ. ಹುಳು ಮನೆಯ ಒದ್ದೆ ಗೋಣಿ ಬುದ್ಧಿ ಇಲ್ಲಿ ನಡಿಯದಿಲ್ಲ, ನೀರು ಒಳಗ ಇಳಿದ್ರ ಮುಗೀತು.

ನಮ್ಮನೇಲಿ ಎರಡು ಲ್ಯಾಪ್‌ಟಾಪ್ ಅವ. ಮಗಳದು ಟೈಪಿಂಗು, ಲೆಕ್ಕದ ಹಾಳೆ, ಮೀಟಿಂಗು. ಹಾಸಿಗೆ ಬುಡ್ಸಿ ಮೇಜಿಗ ತಂದ ಮೇಲ ಅದರ ಸದ್ದೇ ಇಲ್ಲ, ಪ್ಯಾಡ್ ಕೊಡಿಸಲಿಲ್ಲ. ಮೈದುನನ ಮಗ ಮನೆ ನಕ್ಷೆ ಬಿಡಿಸೋನು, ಗಂಟೆಗಟ್ಲೆ ಭಾರಿ ಚಿತ್ರ ತಿರುಗಿಸ್ತನ. ದೂಳು ತೆಗೆಸಿ, ಎತ್ತರಿಸಿಟ್ರೂ ಮಧ್ಯಾಹ್ನದ ಹೊತ್ತು ನಿಂತೇ ಹೋಗದು. ಅವನಿಗ ಎರಡು ದೊಡ್ಡ ಫ್ಯಾನಿಂದು ತರ್ಸುದ್ವಿ. ಈಗ ಆಫ್ ಆಗದು ನಿಂತದ, ನಕ್ಷೆ ಹೊತ್ತಿಗ ಸರಿಯಾಗಿ ಕೈಗ ಬತ್ತಾ ಅದ. ಆ ಪ್ಯಾಡನ್ನೂ ತಿಂಗಳಿಗೊಂದು ಸಲ ಬ್ರಷ್ ಹಾಕಿ ದೂಳು ಕೊಡವಿ ಅಂತ ಅವನಿಗ ಹೇಳಿವ್ನಿ, ನಿಮಗೂ ಹೇಳ್ತಾ ಇವ್ನಿ.