ಹಿಂಗಾಲು ಸೋತ ನಾಯಿಯ ನಡಿಗೆ: ಅಳತೆ ಬೆಳೆದು ಬಂದ ದಾರಿ

ನಾಯಿಯ ಬೆನ್ನುಹುರಿಗೆ ಬಂದ ಕುತ್ತು ಹೆಚ್ಚಾಗಿ ಮೊದಲು ಗೊತ್ತಾಗುವುದು ಅದರ ನಡಿಗೆಯಲ್ಲಿ. ಕಡೂರು, ತರೀಕೆರೆ, ಅಜ್ಜಂಪುರದ ಪೇಟೆಮನೆಯ ಡ್ಯಾಶ್‌ಹಂಡ್‌ಗೆ ಡಿಸ್ಕ್ ಜಾರಲಿ, ಎಮ್ಮೆದೊಡ್ಡಿ ಸೀಮೆಯ ಕುರಿ ಕಾಯುವ ನಾಯಿಗೆ ವಾಹನ ಬಡಿಯಲಿ, ಮುದಿ ಜರ್ಮನ್ ಶೆಫರ್ಡ್‌ನ ನರತಂತುಗಳು ಸವೆಯಲಿ, ನೋಡಿದವರಿಗೆ ಕಾಣುವುದು ಸೊಂಟ ಬಿದ್ದ ನಾಯಿ. ಪಶುವೈದ್ಯರಿಗೆ ಅಷ್ಟು ಸಾಲದು. ಶಕ್ತಿ ಎಷ್ಟು ಹೋಗಿದೆ, ಹೋದ ವಾರಕ್ಕಿಂತ ಎಷ್ಟು ಮರಳಿದೆ ಎಂಬುದನ್ನು ಅವರು ಇನ್ನೊಬ್ಬ ವೈದ್ಯರೂ ಒಪ್ಪುವ ಹಾಗೆ ಹೇಳಬೇಕು. ನಡಿಗೆಯ ಅಳತೆ ಬೆಳೆದದ್ದು ಈ ಅಗತ್ಯದಿಂದ.

ಕಣ್ಣಿಗೆ ನಿಲುಕದ ಹೆಜ್ಜೆಯನ್ನು ಹಿಡಿದು ತೋರಿಸಿದ್ದು ಕ್ಯಾಮೆರಾ. ಈಡ್ವರ್ಡ್ ಮೈಬ್ರಿಜ್ 1887ರಲ್ಲಿ ಹೊರತಂದ ಚಿತ್ರಸಂಪುಟದಲ್ಲಿ ಕುದುರೆಗಳ ಜೊತೆ ನಾಯಿಗಳ ಚಲನೆಯೂ ಇತ್ತು. 1911ರಲ್ಲಿ ಅಮೆರಿಕದ ಆಲ್ಫ್ರೆಡ್ ರೆಜಿನಾಲ್ಡ್ ಅಲೆನ್ ನಾಯಿಗಳ ಬೆನ್ನುಹುರಿಯ ಮೇಲೆ ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಬೀಳಿಸಿ ಪ್ರಯೋಗ ಮಾಡಿದರು. ಪೆಟ್ಟಿಗೆ ಅಳತೆ ಸಿಕ್ಕಿತು, ಚೇತರಿಕೆಗೆ ಇನ್ನೂ ಸಿಕ್ಕಿರಲಿಲ್ಲ. ಆ ಕೊರತೆಯನ್ನು 1950ರ ದಶಕದಲ್ಲಿ ಟಾರ್ಲೋವ್ ಕೊಂಚ ತುಂಬಿದರು. ಕಾಲು ಅಲುಗುವುದೇ ಇಲ್ಲ ಎಂಬಲ್ಲಿಂದ ಸರಾಗವಾಗಿ ನಡೆಯುತ್ತದೆ ಎಂಬಲ್ಲಿಯವರೆಗೆ ಅವರು ಕೆಲವೇ ಮೆಟ್ಟಿಲುಗಳ ಶ್ರೇಣಿ ಮಾಡಿದರು. ಮನುಷ್ಯರಿಗೆಂದು 1969ರಲ್ಲಿ ಬಂದ ಫ್ರಾಂಕೆಲ್ ಶ್ರೇಣಿಯನ್ನೂ ಪಶುವೈದ್ಯರು ನಾಯಿಗೆ ಹೊಂದಿಸಿಕೊಂಡರು.

ಇವುಗಳ ತೊಡಕು ನಡುವಿನ ಮೆಟ್ಟಿಲುಗಳಲ್ಲಿತ್ತು. ಹತ್ತು ಹೆಜ್ಜೆಗೊಮ್ಮೆ ಮುಗ್ಗರಿಸುವ ನಾಯಿಯೂ ಹೆಜ್ಜೆಹೆಜ್ಜೆಗೆ ಮುಗ್ಗರಿಸುವ ನಾಯಿಯೂ ‘ಕಷ್ಟಪಟ್ಟು ನಡೆಯುತ್ತದೆ’ ಎಂಬ ಒಂದೇ ಸಾಲಿಗೆ ಸೇರುತ್ತಿದ್ದವು. 1995ರಲ್ಲಿ ಇಲಿಗಳಿಗೆಂದು ಬ್ಯಾಸೊ, ಬೀಟಿ, ಬ್ರೆಸ್ನಹಾನ್ ರೂಪಿಸಿದ 21 ಅಂಕಗಳ ಮಾಪಕ ಬಿಡಿಬಿಡಿಯಾಗಿ ನೋಡುವ ದಾರಿ ತೋರಿಸಿತು. 2001ರಲ್ಲಿ ನತಾಶಾ ಓಲ್ಬಿ ಮತ್ತು ಸಂಗಡಿಗರು ನಾಯಿಗಳಿಗೆ 0ಯಿಂದ 14ರವರೆಗಿನ ಮಾಪಕ ಕೊಟ್ಟರು. ಹಿಂಗಾಲಿನ ಬೆರಳನ್ನು ಬಲವಾಗಿ ಚಿವುಟಿದರೂ ನೋವು ತಿಳಿಯದಿದ್ದರೆ 0. ನೋವು ತಿಳಿದರೆ 1. ತಾನಾಗಿ ಬಾಲ ಆಡಿಸಿದರೆ 2. ಭಾರ ಹೊರದೆ ಕಾಲನ್ನು ಮುಂದಕ್ಕೆ ತರುವುದಕ್ಕೆ 3ರಿಂದ 5, ಆಗಾಗ ಭಾರ ಹೊರುವುದಕ್ಕೆ 6ರಿಂದ 8. ಅಲ್ಲಿಂದ ಮೇಲೆ ಲೆಕ್ಕಕ್ಕೆ ಬರುವುದು ತಪ್ಪು ಹೆಜ್ಜೆಗಳು: ಪಾದ ಮಗುಚಿ ಮೇಲ್ಭಾಗ ನೆಲಕ್ಕೆ ತಾಗುವುದು, ಉಗುರು ನೆಲಕ್ಕೆ ಉಜ್ಜುವುದು, ಎರಡು ಹಿಂಗಾಲು ಒಂದಕ್ಕೊಂದು ಅಡ್ಡ ಬರುವುದು. 14 ಎಂದರೆ ಸಹಜ ನಡಿಗೆ.

2009ರ ಟೆಕ್ಸಾಸ್ ಮಾಪಕ ಪ್ರತಿ ಕಾಲಿಗೂ ಬೇರೆ ಅಂಕ ಕೊಟ್ಟಿತು. ನಡಿಗೆಗೆ 6, ಮಗುಚಿದ ಪಾದವನ್ನು ನೇರ ಮಾಡಿಕೊಳ್ಳುವುದಕ್ಕೆ 2, ನೋವಿನ ಅರಿವಿಗೆ 2. ಒಂದು ಪಕ್ಕ ಹೆಚ್ಚು ಸೋತ ನಾಯಿಗಳ ಸ್ಥಿತಿ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆದರೂ ಒಂದು ಪ್ರಶ್ನೆ ಉಳಿದಿತ್ತು: ನಾಯಿ ಮತ್ತೆ ನಡೆದರೆ ಅದು ಮಿದುಳಿನ ಆಣತಿಯಿಂದಲೋ, ಬೆನ್ನುಹುರಿಯದೇ ಬಲದಿಂದಲೋ? ಬೆನ್ನುಹುರಿಯ ಕೆಳಭಾಗದಲ್ಲಿ ಹೆಜ್ಜೆಯ ಲಯ ಹುಟ್ಟಿಸುವ ನರಜಾಲವಿದೆ. ಮಿದುಳಿನ ಸಂಪರ್ಕ ಕಡಿದಿದ್ದರೂ ಕೆಲವು ನಾಯಿಗಳು ತಿಂಗಳುಗಳ ನಂತರ ಎದ್ದು ನಡೆಯುವುದು ಇದರ ಬಲದಿಂದ. ಅಂಥ ನಾಯಿಯ ಹಿಂಗಾಲು ಹೆಜ್ಜೆ ಇಡುತ್ತದೆ, ಆದರೆ ಮುಂಗಾಲಿನ ತಾಳಕ್ಕೆ ಹೊಂದುವುದಿಲ್ಲ. ಸಹಜ ನಡಿಗೆಯಲ್ಲಿ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ಸರದಿ ತಪ್ಪುವುದಿಲ್ಲ. ಈ ಹೊಂದಾಣಿಕೆಯನ್ನು ಟ್ರೆಡ್‌ಮಿಲ್ ಮತ್ತು ಡಿಜಿಟಲ್ ಚಲನಗ್ರಹಣದಿಂದ ಅಳೆಯುವ ಕ್ರಮವನ್ನು ಹ್ಯಾಮಿಲ್ಟನ್, ಫ್ರಾಂಕ್ಲಿನ್, ಜೆಫ್ರಿ 2007ರಲ್ಲಿ ಪ್ರಕಟಿಸಿದರು. ಅದರ ಬೆಲೆ ತಿಳಿದದ್ದು 2012ರಲ್ಲಿ. ಕೇಂಬ್ರಿಜ್ ತಂಡ 34 ಸಾಕುನಾಯಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಮೂಗಿನ ಒಳಪೊರೆಯ ಕೋಶಗಳನ್ನು ಬೆನ್ನುಹುರಿಗೆ ಸೇರಿಸಿಕೊಂಡ ನಾಯಿಗಳಲ್ಲಿ ಮುಂಗಾಲು ಹಿಂಗಾಲುಗಳ ತಾಳ ಸುಧಾರಿಸಿತು. ಮಿದುಳಿನವರೆಗೆ ಹೋಗುವ ಉದ್ದನೆಯ ನರಮಾರ್ಗಗಳು ಮಾತ್ರ ಚೇತರಿಸಲಿಲ್ಲ. ‘ನಡೆಯಿತು’ ಎಂದಷ್ಟೇ ಬರೆದಿದ್ದರೆ ಈ ವ್ಯತ್ಯಾಸ ತಪ್ಪಿಹೋಗುತ್ತಿತ್ತು.

ಹೆಜ್ಜೆಯ ಒತ್ತಡ ಅಳೆಯುವ ಫಲಕ, ಸಂವೇದಕ ಹಾಸುಗಳೂ ಬಳಕೆಗೆ ಬಂದಿವೆ. ಕುಂಟುವ ನಾಯಿಗೆ ಅವು ಚೆನ್ನಾಗಿ ಒಗ್ಗುತ್ತವೆ. ಬೆನ್ನುಹುರಿ ಕೆಟ್ಟ ನಾಯಿಯಲ್ಲಿ ಒಂದು ಹೆಜ್ಜೆಯಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ ಸರಾಸರಿಗಿಂತ ಏರಿಳಿತವೇ ಹೆಚ್ಚು ಹೇಳುತ್ತದೆ. ಮೇಲಾಗಿ, ಏಳಲಾರದ ನಾಯಿಗೆ ಈ ಯಂತ್ರಗಳಿಂದ ಹೆಚ್ಚು ಉಪಯೋಗವಿಲ್ಲ.

ಈಚಿನ ಒಲವು ಸರಳ ಎಣಿಕೆಯ ಕಡೆಗಿದೆ. ಟ್ರೆಡ್‌ಮಿಲ್ ಮೇಲೆ ನಡೆಯುವ ನಾಯಿಯ ವಿಡಿಯೊ ನೋಡಿ, ಮುಂಗಾಲಿನ ಹೆಜ್ಜೆಗಳಿಗೆ ಹೋಲಿಸಿದರೆ ಹಿಂಗಾಲು ಎಷ್ಟು ಹೆಜ್ಜೆ ಇಟ್ಟಿತು, ಸರದಿ ಎಷ್ಟು ಬಾರಿ ಸರಿಯಿತ್ತು ಎಂದು ಶೇಕಡಾವಾರು ಲೆಕ್ಕ ಹಾಕುವ ಕ್ರಮವನ್ನು ಓಲ್ಬಿ ತಂಡ 2014ರಲ್ಲಿ ಮುಂದಿಟ್ಟಿತು. ಚಲನಗ್ರಹಣಕ್ಕೆ ಬೇಕಾದ ಸಲಕರಣೆ ಶಿವಮೊಗ್ಗ, ಹಾಸನ, ಹೆಬ್ಬಾಳದಂಥ ಪಶುವೈದ್ಯಕೀಯ ಕಾಲೇಜುಗಳ ಮಟ್ಟದ ಮಾತು. ಅಂಕದ ಮಾಪಕಕ್ಕೆ ತಾಲ್ಲೂಕಿನ ಪಶು ಆಸ್ಪತ್ರೆಯ ಅಂಗಳ, ಒಂದು ಮೊಬೈಲ್ ಸಾಕು. ನೆಲ ಜಾರಬಾರದು, ಪ್ರತಿ ಸಲವೂ ಅದೇ ನೆಲವಿರಬೇಕು. ಕ್ಯಾಮೆರಾ ಪಕ್ಕದಿಂದಲೂ ಹಿಂದಿನಿಂದಲೂ ಹಿಡಿಯಬೇಕು. ನಾಯಿಗೆ ಮತ್ತಿನ ಔಷಧ ಕೊಟ್ಟಿರಬಾರದು. ಇಷ್ಟು ಪಾಲಿಸಿದರೆ ಯಾವ ಊರಿನಲ್ಲಿ ಕೊಟ್ಟ ಅಂಕವನ್ನೂ ಬೇರೆಡೆಯ ಅಂಕದೊಂದಿಗೆ ಹೋಲಿಸಬಹುದು.